ಅಪ್ಪ ನನ್ನ ಅಂಗಿಯನ್ನು ಮೂರು ಸಲ ಒಗೆದರು

ಪ್ರಶ್ನೆ: ಡಾಕ್ಟರ್ ಸರ್, ನನಗೆ 15 ವರ್ಷ. ಮೈಸೂರಿನವನು. ಎಸ್ಸೆಸ್ಸೆಲ್ಸಿ ಓದುತ್ತಿದ್ದೇನೆ. ಎತ್ತರ 5 ಅಡಿ 3 ಇಂಚು, ತೂಕ 44 ಕಿಲೊ. ನನಗೆ ಜಾಕಿ, ಅಂದರೆ ರೇಸ್ ಕುದುರೆ ಓಡಿಸುವ ಸವಾರ, ಆಗಬೇಕು. ಬೇರೆ ಏನೂ ಬೇಡ.

ನಮ್ಮ ಬೀದಿಯ ಒಬ್ಬ ಅಣ್ಣ ರೇಸ್ ಕುದುರೆಗಳ ಸೈಸ್, ಅವನ್ನು ನೋಡಿಕೊಳ್ಳುವ ಕೆಲಸದವರು. ಆರು ತಿಂಗಳಿಂದ ಅವರ ಜೊತೆ ಬೆಳಗಿನ ಜಾವ ಲಾಯಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಟ್ಯೂಷನ್ ಅಂತ ಹೇಳಿದ್ದೆ. ಲದ್ದಿ ಎತ್ತುತ್ತೇನೆ, ನೀರು ಹೊರುತ್ತೇನೆ, ವರ್ಕ್ (ಬೆಳಗಿನ ಓಟದ ಅಭ್ಯಾಸ) ಮುಗಿಸಿ ಬಂದ ಕುದುರೆಗಳನ್ನು ನಡೆಸುತ್ತೇನೆ. ರೇಸ್ ಬಿಟ್ಟ ಒಂದು ಹಳೇ ಕುದುರೆ ಮೇಲೆ ನಾಲ್ಕು ಸಲ ಕೂತಿದ್ದೇನೆ. ಒಂದು ಸಲ ಬಿದ್ದು ಮಣಿಕಟ್ಟು ಊದಿತ್ತು. ಕ್ರಿಕೆಟ್‌ನಲ್ಲಿ ಅಂತ ಹೇಳಿದೆ.

ಅಪ್ಪ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದರು. ಕಾರ್ಗಿಲ್‌ನಲ್ಲಿದ್ದರು. ಈಗ ಸೆಕ್ಯುರಿಟಿ ಕೆಲಸ ಮಾಡುತ್ತಾರೆ. ಜಾಸ್ತಿ ಮಾತಾಡುವುದಿಲ್ಲ. ದೀಪಾವಳಿಯಲ್ಲಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂರುತ್ತಾರೆ. ನಮ್ಮ ಭಾವನೂ ಸೈನ್ಯದಲ್ಲಿ ಇದ್ದಾರೆ, ಜಮ್ಮು ಕಡೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗಲಾಟೆ ಆದಾಗ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಆ ದಿನಗಳಲ್ಲಿ ಅಪ್ಪ ಟಿವಿಯ ದನಿ ಪೂರ್ತಿ ಕಡಿಮೆ ಮಾಡಿ ಬರೀ ಚಿತ್ರ ನೋಡುತ್ತಿದ್ದರು. ಆಗಿನಿಂದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಹೋದ ತಿಂಗಳು ನನ್ನ ಅಂಗಿ ಬಕೆಟ್‌ನಲ್ಲಿತ್ತು. ಅಪ್ಪ ಅದನ್ನು ಎತ್ತಿ ಮೂಸಿದರು. ನಾನು ನೋಡುತ್ತಾ ನಿಂತಿದ್ದೆ. ಬೈಯಲಿಲ್ಲ. ಅಂಗಿಯನ್ನು ತಾವೇ ಒಗೆದರು. ಹಿಂಡಿ, ಮೂಸಿ, ಮತ್ತೆ ಒಗೆದರು. ಮೂರು ಸಲ. ಆಮೇಲೆ ‘ಅಲ್ಲಿಗೆ ಹೋಗಬೇಡ’ ಅಂದರು. ಅಷ್ಟೇ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ. ಅವರಿಗೆ ಕುದುರೆ ಅಂದರೆ ಯಾಕೆ ಅಷ್ಟು ಕೋಪ? ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮನೆ ಬಿಟ್ಟು ಜಾಕಿ ಸ್ಕೂಲ್ ಸೇರಬಹುದಾ?

— ಹೆಸರು ಬೇಡ, ಮೈಸೂರು

(ಅದೇ ಕವರ್‌ನಲ್ಲಿ ಇನ್ನೊಂದು ಚೀಟಿ ಇತ್ತು. ಬೇರೆ ಅಕ್ಷರ.)

‘ಡಾಕ್ಟರಿಗೆ ನಮಸ್ಕಾರ. ಮಗ ಬರೆದದ್ದನ್ನು ಅಂಚೆಗೆ ಹಾಕುವ ಮೊದಲು ಓದಿದೆ, ಅವನಿಗೆ ಗೊತ್ತಿಲ್ಲ. ಕುದುರೆ ಜೂಜು ಮನೆ ಹಾಳು ಮಾಡುತ್ತದೆ ಅಂತ ನನಗೆ ಭಯ. ಆದರೆ ಇವರಿಗೆ ಇರುವುದು ಜೂಜಿನ ಭಯ ಅಲ್ಲ ಅನಿಸುತ್ತೆ. ಮದುವೆ ಆದಾಗಿನಿಂದ ಯುದ್ಧದ ಒಂದು ಮಾತು ಆಡಿಲ್ಲ. ನಿದ್ದೆಯಲ್ಲಿ ಮಾತ್ರ ಹಿಂದಿಯಲ್ಲಿ ಐದು ಅಂಕಿ ಹೇಳುತ್ತಾರೆ. ಯಾವಾಗಲೂ ಅದೇ ಐದು. ಜೊತೆಗಿದ್ದ ಯಾರದೋ ನಂಬರ್ ಅಂದುಕೊಂಡಿದ್ದೆ. ಡಿಸ್ಚಾರ್ಜ್ ಪುಸ್ತಕ ನೋಡಿದೆ, ಅದರಲ್ಲಿ ಇವರ ಕೆಲಸ ಡ್ರೈವರ್ ಎ.ಟಿ. ಅಂತ ಇದೆ. ಏನಾದರೂ ಗೊತ್ತಾಗುತ್ತಾ ನೋಡಿ.’

ಉತ್ತರ: ಮಗು, ನಿನ್ನ ಕಾಗದವನ್ನು ಒಂದು ಸಲ ಓದಿದೆ. ನಿಮ್ಮಮ್ಮನ ಚೀಟಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಮ್ಮ ಕದ್ದು ಓದಿದರು ಅಂತ ಬೇಜಾರು ಮಾಡಿಕೊಳ್ಳಬೇಡ. ಅವರು ಆ ಚೀಟಿ ಇಡದಿದ್ದರೆ ನಾನು ನಿನಗೆ ಜಾಕಿಯ ತೂಕ, ಶಾಲೆ ಇವುಗಳನ್ನಷ್ಟೇ ಹೇಳಿ ಮುಗಿಸುತ್ತಿದ್ದೆ.

ಈ ಅಂಕಣ ಓದುವವರಿಗೆ ಗೊತ್ತಿದೆ, ನಾನು ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಸೈನ್ಯದ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ಅಂಡ್ ವೆಟರ್ನರಿ ದಳದಲ್ಲಿ ಇಪ್ಪತ್ತು ವರ್ಷ ಇದ್ದವನು. ಆಮೇಲೆ ರೇಸ್ ಕುದುರೆಗಳ ಕಾಲು ನೋಡಿಕೊಂಡು ಬದುಕಿದೆ. ಹಾಗಾಗಿ ‘ಡ್ರೈವರ್ ಎ.ಟಿ.’ ಅನ್ನುವುದನ್ನು ಓದಿದ ಕೂಡಲೇ ನನ್ನ ಕೈ ನಿಂತಿತು. ನಿಮ್ಮಪ್ಪ ಲಾರಿ ಓಡಿಸಿದವರಲ್ಲ. ಎ.ಟಿ. ಅಂದರೆ ಅನಿಮಲ್ ಟ್ರಾನ್ಸ್‌ಪೋರ್ಟ್. ಅವರು ಹೇಸರಗತ್ತೆಗಳನ್ನು ನಡೆಸಿದವರು. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಪ್ರಾಣಿ ಅದು, ಸೈನ್ಯದಲ್ಲಿ ಎಲ್ಲರೂ ಖಚ್ಚರ್ ಅನ್ನುತ್ತೇವೆ. ಹಗ್ಗ ಹಿಡಿದು ಅದರ ತಲೆಯ ಪಕ್ಕದಲ್ಲಿ ನಡೆಯುವ ಸಿಪಾಯಿಗೆ ಸೈನ್ಯ ಕೊಟ್ಟ ಹೆಸರು ಡ್ರೈವರ್.

ಇದನ್ನು ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಅಂತ ತುಂಬಾ ಯೋಚಿಸಿದೆ. ಅವರು ಮನೆಯಲ್ಲೇ ಹೇಳದ ವಿಷಯ ಇದು. ಅದಕ್ಕೆ ಚೀಟಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿ ನಿಮ್ಮಮ್ಮನ ಹತ್ತಿರ ಮಾತಾಡಿದೆ. ‘ಅವರನ್ನೇ ಕೇಳಿ, ಅವರು ಒಪ್ಪಿದರೆ ಮಾತ್ರ ಬರೆಯುತ್ತೇನೆ’ ಅಂದೆ. ನಾಲ್ಕು ದಿನ ಬಿಟ್ಟು ಅವರಿಂದ ಫೋನ್ ಬಂತು. ‘ಬರೀಲಿ ಅಂದ್ರು’ ಅಂದರು. ಇನ್ನೂ ಒಂದು ಮಾತು ಹೇಳಿದರು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಆ ಐದು ಅಂಕಿಯ ವಿಷಯ. ಸೈನ್ಯದ ಪ್ರತಿ ಖಚ್ಚರ್‌ಗೂ ಒಂದು ನಂಬರ್ ಇರುತ್ತದೆ. ಗೊರಸಿನ ಮೇಲೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿರುತ್ತಾರೆ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುವುದರಿಂದ ನಂಬರ್ ಸವೆಯುತ್ತದೆ, ಮತ್ತೆ ಮತ್ತೆ ಹಾಕಬೇಕು. ಪೆಡೊಂಗಿ ಅಂತ ಒಂದು ಹೆಣ್ಣು ಖಚ್ಚರ್ ಇತ್ತು. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿ, ಅವರ ಮೆಷಿನ್ ಗನ್ ಬೆನ್ನ ಮೇಲಿದ್ದಾಗಲೇ ತಪ್ಪಿಸಿಕೊಂಡು ನಮ್ಮ ಕಡೆಗೆ ಬಂದುಬಿಟ್ಟಿತು. ಅದರ ಗೊರಸಿನ ನಂಬರ್ 15328. ಅದಕ್ಕೆ ಆಮೇಲೆ ಹೆಸರು ಸಿಕ್ಕಿತು, ಮರ್ಯಾದೆ ಸಿಕ್ಕಿತು. ಮಿಕ್ಕವಕ್ಕೆ ನಂಬರ್ ಒಂದೇ. ಆದರೆ ಎಷ್ಟೋ ಡ್ರೈವರ್‌ಗಳ ಬಾಯಲ್ಲಿ ಆ ನಂಬರ್ ಹೆಸರಿನಂತೆಯೇ ಬರುತ್ತಿತ್ತು. ಮಗುವನ್ನು ಕರೆದ ಹಾಗೆ. ನಿಮ್ಮಪ್ಪ ನಿದ್ದೆಯಲ್ಲಿ ಕರೆಯುವುದು ತಮ್ಮ ಖಚ್ಚರ್ ಅನ್ನೇ ಇರಬೇಕು ಅಂತ ನಾನು ನಂಬಿದ್ದೇನೆ. ಆ ಅಂಕಿಗಳನ್ನು ಇಲ್ಲಿ ಹಾಕುತ್ತಿಲ್ಲ. ಅದು ಅವರದು.

ನೀನು 1999ರ ಕಾರ್ಗಿಲ್ ಅಂದರೆ ಬಂಕರ್, ಬೋಫೋರ್ಸ್, ಟೈಗರ್ ಹಿಲ್ ಇವನ್ನೇ ಕೇಳಿರುತ್ತೀಯ. ಜೂನ್‌ನಲ್ಲಿ ತೊಲೊಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್, ಜುಲೈ 26ಕ್ಕೆ ಯುದ್ಧ ಮುಗಿಯಿತು. ಪಾಠದಲ್ಲಿ ಇಷ್ಟು ಇರುತ್ತೆ. ಆದರೆ ಮೇಲೆ ಇದ್ದ ಹುಡುಗರಿಗೆ ಗುಂಡು, ನೀರು, ರೊಟ್ಟಿ ಹೇಗೆ ಹೋಯಿತು? ಲಾರಿ ರಸ್ತೆ ಮುಗಿಯುವ ತನಕ ಮಾತ್ರ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಖಚ್ಚರ್, ಖಚ್ಚರ್ ಹತ್ತಲಾಗದ ಕಡೆ ಮನುಷ್ಯನ ಬೆನ್ನು. ಒಂದೊಂದರ ಮೇಲೆ ಸುಮಾರು 70 ಕಿಲೊ. ಹಗಲಲ್ಲಿ ಹೋದರೆ ಎದುರಿನ ಬೆಟ್ಟದವರಿಗೆ ಕಾಣುತ್ತದೆ. ಅದಕ್ಕೇ ರಾತ್ರಿ, ಬೆಳಕಿಲ್ಲದೆ, ಒಂದರ ಹಿಂದೆ ಒಂದು. ಡ್ರೈವರ್‌ಗೆ ದಾರಿ ಕಾಣುವುದಿಲ್ಲ, ಖಚ್ಚರ್‌ಗೆ ಕಾಣುತ್ತದೆ. ಅದು ನಿಂತರೆ ಇವನೂ ನಿಲ್ಲಬೇಕು. ಅದರ ಕಿವಿ ಯಾವ ಕಡೆ ತಿರುಗಿತು ಅನ್ನುವುದನ್ನು ಕತ್ತಲಲ್ಲಿ ಕೈಯಿಂದ ಮುಟ್ಟಿ ನೋಡುತ್ತಾನೆ. ಶೆಲ್ ಬಿದ್ದರೆ ಮನುಷ್ಯ ಬಂಡೆಯ ಹಿಂದೆ ಹೋಗಬಹುದು, ಹೊರೆ ಕಟ್ಟಿದ ಪ್ರಾಣಿ ಎಲ್ಲಿಗೆ ಹೋಗುತ್ತೆ?

ಆ ಬೇಸಿಗೆ ನಾನು ಕಾಶ್ಮೀರದಲ್ಲಿದ್ದೆ. ಗಾಯವಾದ ಖಚ್ಚರ್‌ಗಳನ್ನು ನಮ್ಮ ಹತ್ತಿರ ತರುತ್ತಿದ್ದರು. ಕಬ್ಬಿಣದ ಚೂರು ತೆಗೆದು ಹೊಲಿದರೆ ಬದುಕುವಂಥವು ಎಷ್ಟೋ ಇದ್ದವು. ಮೂಳೆ ಪುಡಿಯಾದದ್ದು ಬಂದರೆ ನನ್ನ ಕೈಯಲ್ಲಿ ಇದ್ದದ್ದು ಒಂದೇ ಕೆಲಸ. ಒಬ್ಬ ಹುಡುಗ ನೆನಪಿದ್ದಾನೆ, ಬಿಹಾರದವನು, ಇಪ್ಪತ್ತು ಇಪ್ಪತ್ತೊಂದು ಇರಬೇಕು. ತನ್ನ ಖಚ್ಚರ್‌ನ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ನಿಂತ. ಕೊನೆವರೆಗೂ ಕೈ ತೆಗೆಯಲಿಲ್ಲ. ಹಗ್ಗವನ್ನು ಸ್ಟೋರ್‌ಗೆ ವಾಪಸ್ ಕೊಡಬೇಕಾಗಿತ್ತು. ಅವನು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಮಾರನೇ ದಿನ ಅವನಿಗೆ ಬೇರೆ ಖಚ್ಚರ್ ಕೊಟ್ಟರು. ರಾತ್ರಿ ಅವನು ಮತ್ತೆ ಹೊರಟ.

ನಿಮ್ಮಪ್ಪನಿಗೆ ಕುದುರೆ ಮೇಲೆ ಕೋಪ ಇಲ್ಲ ಮಗು. ಆ ವಾಸನೆ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಬೆವರು, ಜೀನಿನ ಚರ್ಮ, ಹುರುಳಿ, ಲದ್ದಿ. ಇಪ್ಪತ್ತಾರು ವರ್ಷ ದೂರ ಇಟ್ಟಿದ್ದ ವಾಸನೆ ಮಗನ ಅಂಗಿಯಲ್ಲಿ ಮನೆಗೆ ಬಂತು. ಅವರು ಒಗೆದದ್ದು ಅದನ್ನು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆರು ತಿಂಗಳು ನಸುಕಲ್ಲಿ ಎದ್ದು ಲದ್ದಿ ಎತ್ತಿದ ಹುಡುಗನಿಗೆ ಅದು ಬರೀ ಹುಚ್ಚು ಅಂತ ಹೇಳಲಾರೆ. ಜಾಕಿ ಕೆಲಸ ಗೌರವದ ಕೆಲಸ. ಆದರೆ ಮನೆ ಬಿಟ್ಟು ಹೋಗಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮೊದಲು ನಿನ್ನ ಮೈ ನೋಡು. ರೇಸ್‌ನಲ್ಲಿ ಕುದುರೆ ಹೊರಬೇಕಾದ ತೂಕವನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಆ ತೂಕದಲ್ಲಿ ಜೀನೂ ಸೇರಿರುತ್ತದೆ. ಓಟಕ್ಕೆ ಮೊದಲು ತೂಗುತ್ತಾರೆ, ಮುಗಿದ ಮೇಲೆ ಮತ್ತೆ ತೂಗುತ್ತಾರೆ. ಹಗುರ ಇರುವ ಸವಾರನಿಗೆ ಸೀಸದ ತುಂಡು ಸೇರಿಸಿ ಸರಿ ಮಾಡಬಹುದು, ಭಾರ ಇರುವವನಿಗೆ ದಾರಿಯಿಲ್ಲ. ಹಾಗಾಗಿ ಜಾಕಿಗಳು ಐವತ್ತು ಕಿಲೊ ಆಸುಪಾಸಿನಲ್ಲೇ ಬದುಕು ಕಳೆಯುತ್ತಾರೆ. ನೀನು ಈಗ 44. ಆದರೆ ನಿನಗೆ 15, ಇನ್ನೂ ಬೆಳೆಯುತ್ತೀಯ. ನಿಮ್ಮಪ್ಪ 5 ಅಡಿ 10 ಇಂಚು ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದರು, ಸೋದರಮಾವನೂ ಎತ್ತರವಂತೆ. ಇದನ್ನು ಈಗಲೇ ತಿಳಿದುಕೋ. ಇಂಗ್ಲೆಂಡಿನ ಲೆಸ್ಟರ್ ಪಿಗಟ್ 18ನೇ ವಯಸ್ಸಿಗೆ, 1954ರಲ್ಲಿ, ಅಲ್ಲಿನ ಡರ್ಬಿ ಗೆದ್ದವರು. ಜಾಕಿಗೆ ಜಾಸ್ತಿ ಅನ್ನುವಷ್ಟು ಎತ್ತರ ಇದ್ದರು, ಅದಕ್ಕಾಗಿ ವರ್ಷಗಟ್ಟಲೆ ಅರೆಹೊಟ್ಟೆ ಇದ್ದರು. ಬೆಳೆಯುವ ಮೈಯನ್ನು ಹಸಿವಿನಿಂದ ತಡೆದ ಹುಡುಗರನ್ನು ನಾನು ಇಲ್ಲೂ ನೋಡಿದ್ದೇನೆ. ಊಟ ಬಿಡುವುದು, ಬೆವರು ಸುರಿಸಿ ನೀರು ಕುಡಿಯದೆ ಇರುವುದು. ಮೂಳೆ ಟೊಳ್ಳಾಗುತ್ತದೆ. ಬಿದ್ದಾಗ ಮುರಿಯುವುದು ಅದೇ ಮೂಳೆ. ನೀನು ರಾತ್ರಿ ಊಟ ಬಿಡುತ್ತಿದ್ದರೆ ಇವತ್ತೇ ನಿಲ್ಲಿಸು.

ಎರಡನೆಯದು ಬೀಳುವುದು. ರೇಸ್‌ಗೆ ಓಡುವ ಥರೋಬ್ರೆಡ್ ತಳಿಯ ಕುದುರೆ ಸುಮಾರು 450ರಿಂದ 500 ಕಿಲೊ ತೂಗುತ್ತದೆ, ಗಂಟೆಗೆ 60 ಕಿಲೋಮೀಟರ್ ಓಡುತ್ತದೆ. ರೇಸ್ ನಡೆಯುವಾಗ ಟ್ರ್ಯಾಕ್ ಪಕ್ಕದಲ್ಲಿ ಆಂಬ್ಯುಲೆನ್ಸ್ ಹಿಂದೆಯೇ ಓಡುವುದನ್ನು ನೀನು ನೋಡಿರುತ್ತೀಯ. ಅದು ಸುಮ್ನೆ ಓಡುವುದಲ್ಲ. ಮಣಿಕಟ್ಟು ಊದಿದ್ದನ್ನು ಮುಚ್ಚಿಟ್ಟೆಯಲ್ಲ, ನನಗೆ ನಿನ್ನ ಕಾಗದದಲ್ಲಿ ಜಾಸ್ತಿ ಬೇಜಾರಾದದ್ದು ಅಲ್ಲೇ. ಎಕ್ಸ್-ರೇ ತೆಗೆಸು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗೆ ಪೆಟ್ಟಾದರೆ ಹೊರಗಿಂದ ಕಾಣುವುದಿಲ್ಲ.

ಮೂರನೆಯದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಟ್ರ್ಯಾಕ್‌ನಲ್ಲಿ ಕುದುರೆಯ ಕಾಲು ಮುರಿಯುತ್ತದೆ. ಆಗ ಜನರಿಗೆ ಕಾಣದ ಹಾಗೆ ಸುತ್ತ ಪರದೆ ಹಿಡಿಯುತ್ತಾರೆ. ಪರದೆಯ ಒಳಗೆ ಡಾಕ್ಟರ್ ಇರುತ್ತಾನೆ, ಕೆಲವು ಸಲ ಆ ಡಾಕ್ಟರ್ ನಾನೇ ಆಗಿದ್ದೆ. ಸೈಸ್ ಇರುತ್ತಾನೆ. ನೀನು ಈ ಕೆಲಸ ಮಾಡಿದರೆ ಒಂದು ದಿನ ನೀನೂ ಆ ಪರದೆಯ ಒಳಗೆ ನಿಲ್ಲುತ್ತೀಯ. ಆಮೇಲೆ ಮುಂದಿನ ರೇಸ್‌ಗೆ ಬೇರೆ ಕುದುರೆ ಹತ್ತಬೇಕು. ಅದು ಹೇಗೆ ಸಾಧ್ಯ ಅಂತ ನಿನಗೆ ಯಾವ ಜಾಕಿ ಸ್ಕೂಲೂ ಹೇಳಿಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಮಾಡಿದವರು ಒಬ್ಬರು ಇರಬಹುದು, ಅಲ್ವಾ?

ಹಾಗಾಗಿ ನಾನು ಕೊಡುವ ಸಲಹೆ ಇದು. ಎಸ್ಸೆಸ್ಸೆಲ್ಸಿ ಬರಿ, ಪಿಯುಸಿ ಮುಗಿಸು. ಜಾಕಿಯ ಬದುಕು ಒಂದು ಸಲ ಬಿದ್ದರೆ ಮುಗಿದುಹೋಗಬಹುದು, ಓದು ಕೈಯಲ್ಲಿರಲಿ. ಅಷ್ಟರಲ್ಲಿ ನಿನ್ನ ಎತ್ತರವೂ ಗೊತ್ತಾಗುತ್ತದೆ. ಹಗುರವಾಗೇ ಉಳಿದರೆ ರೇಸ್ ನಡೆಸುವ ಟರ್ಫ್ ಕ್ಲಬ್‌ಗಳ ಅಪ್ರೆಂಟಿಸ್ ಜಾಕಿ ತರಬೇತಿ ಇದೆ. ಪುಣೆಯದು ಹೆಸರಾದದ್ದು. ಅಲ್ಲಿಗೆ ಅಪ್ಪ ಅಮ್ಮನ ಸಹಿ ಹಿಡಿದುಕೊಂಡೇ ಹೋಗು. ಎತ್ತರ ಬೆಳೆದುಬಿಟ್ಟರೂ ಕುದುರೆಯ ದಾರಿ ಮುಚ್ಚುವುದಿಲ್ಲ. ಬೆಂಗಳೂರಿನ ಫೌಆದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ಎರಡು ಬೆಳ್ಳಿ ಗೆದ್ದರು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಅವರ ತಂದೆಯೂ ಕುದುರೆ ಡಾಕ್ಟರ್. ಆ ಆಟದಲ್ಲಿ ಜಾಕಿಯಂತೆ ತೂಕಕ್ಕೆ ಹೆದರಬೇಕಿಲ್ಲ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಘಟಕಗಳಿವೆ, ಅಲ್ಲಿ ಸವಾರಿ ಕಲಿಸುತ್ತಾರೆ. ನಿಮ್ಮೂರಲ್ಲೇ ಪೊಲೀಸರ ಅಶ್ವಾರೋಹಿ ದಳ ಇದೆ, ದಸರಾ ಮೆರವಣಿಗೆಯಲ್ಲಿ ನೋಡಿರುತ್ತೀಯ. ಅಲ್ಲೂ ವಿಚಾರಿಸು. ಇನ್ನು ಪಶುವೈದ್ಯ ಓದಿ ನನ್ನ ಹಾಗೆ ಆದರೂ ಆಗಬಹುದು. ಇದನ್ನು ಸ್ವಲ್ಪ ಸ್ವಾರ್ಥದಿಂದ ಹೇಳುತ್ತಿದ್ದೇನೆ, ಕುದುರೆಯ ಕೈ ಇರುವ ಡಾಕ್ಟರ್‌ಗಳು ಸಾಲದು.

ನಿಮ್ಮೂರಿನದೇ ಇನ್ನೊಂದು ಮಾತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲ್‌ನ ಹೈಫಾ ಊರನ್ನು ಕುದುರೆ ಮೇಲೆ ನುಗ್ಗಿ ಹಿಡಿದವರಲ್ಲಿ ಜೋಧಪುರದವರ ಜೊತೆ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್‌ನವರು ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂರು ಸೈನಿಕರಲ್ಲಿ ಒಬ್ಬ ನಮ್ಮವನು. ಅಲ್ಲಿ ಮೂರು ಸವಾರರಿದ್ದಾರೆ, ಕುದುರೆ ಇಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಅನಿಸುತ್ತೆ, ಇವರೂ ಮನೆಗೆ ಬಂದು ಏನು ಹೇಳಿದರೋ, ಏನು ಹೇಳಲಿಲ್ಲವೋ.

ಇನ್ನು ತಾಯಿ, ನಿಮಗೆ.

ಜೂಜಿನ ಭಯ ಸಹಜ. ರೇಸ್‌ನಲ್ಲಿ ಮನೆ ಕಳೆದುಕೊಂಡವರನ್ನು ನಾನೂ ಬಲ್ಲೆ. ಆದರೆ ಅವರು ಕಟಕಟೆಯ ಈಚೆ ನಿಂತು ದುಡ್ಡು ಕಟ್ಟಿದವರು. ಜಾಕಿ ಬಾಜಿ ಕಟ್ಟುವ ಹಾಗಿಲ್ಲ, ನಿಯಮವೇ ಬಿಡುವುದಿಲ್ಲ. ಹುಡುಗನಿಗೆ ಈಗಿನಿಂದಲೇ ಒಂದು ಗೆರೆ ಹಾಕಿ: ಕುದುರೆ ಸರಿ, ಬಾಜಿ ಇಲ್ಲ. ಹತ್ತು ರೂಪಾಯಿಯದೂ ಇಲ್ಲ.

ಯಜಮಾನರ ವಿಷಯ. ಪಟಾಕಿಗೆ ನಲ್ಲಿ ಬಿಟ್ಟುಕೊಂಡು ಕೂರುವುದು, ನಿದ್ದೆಯಲ್ಲಿ ಅದೇ ಅಂಕಿ, ಟಿವಿಯ ದನಿ ಕಡಿಮೆ ಮಾಡುವುದು. ಇದು ಅವರ ಸ್ವಭಾವ ಅಂತ ಇಷ್ಟು ವರ್ಷ ಅಂದುಕೊಂಡಿರಿ. ಸ್ವಭಾವ ಅಲ್ಲ, ಗಾಯ. ಯುದ್ಧದಿಂದ ಬಂದವರಲ್ಲಿ ಇದು ಇರುತ್ತದೆ, ಇದಕ್ಕೆ ಚಿಕಿತ್ಸೆಯೂ ಇದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇ.ಸಿ.ಎಚ್.ಎಸ್. ಕಾರ್ಡ್ ಇದ್ದರೆ ಮೈಸೂರಿನ ಪಾಲಿಕ್ಲಿನಿಕ್‌ಗೆ ಹೋಗಿ, ಮನೋವೈದ್ಯರ ಹತ್ತಿರ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ಅಷ್ಟು ಕಷ್ಟ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಮಾತಾಡಿ. ಗಡಿಯ ಸುದ್ದಿ ಬಂದಾಗಲೆಲ್ಲ ಗಂಡನನ್ನೂ, ಮಗಳನ್ನೂ, ಅಳಿಯನ ಫೋನನ್ನೂ ಕಾಯುತ್ತಾ ಇದ್ದವರು ನೀವು. ನಿಮ್ಮನ್ನು ಯಾರು ಕೇಳಿದರು? ಒಂದು ಕೆಲಸ ಮಾತ್ರ ಮಾಡಬೇಡಿ. ಆ ನಂಬರ್ ಏನು ಅಂತ ಅವರನ್ನು ಕೆದಕಬೇಡಿ. ಅದನ್ನು ಅವರು ಹೇಳುವಾಗ ಹೇಳಲಿ. ಹೇಳದಿದ್ದರೂ ಇರಲಿ.

ಮಗು, ನೀನು ಮಾಡಬೇಕಾದದ್ದು ಎರಡು. ಟ್ಯೂಷನ್ ಅಂತ ಹೇಳಿದ ಸುಳ್ಳನ್ನು ನೀನೇ ಒಪ್ಪಿಕೋ. ಅಪ್ಪ ‘ಹೋಗಬೇಡ’ ಅಂದಿದ್ದಾರೆ, ಅವರು ಹೇಳುವ ತನಕ ಲಾಯಕ್ಕೆ ಹೋಗಬೇಡ. ಕಷ್ಟ ಅಂತ ಗೊತ್ತು. ಆ ಹಳೇ ಕುದುರೆಗೆ ನಿನ್ನ ನೆನಪಿರುತ್ತದೆ, ಕುದುರೆಗಳು ಮನುಷ್ಯರನ್ನು ಬೇಗ ಮರೆಯುವುದಿಲ್ಲ.

ಎರಡನೆಯದು, ನಿಮ್ಮಮ್ಮ ಫೋನಿನಲ್ಲಿ ಕೊನೆಗೆ ಹೇಳಿದ ಮಾತು. ‘ಬರೀಲಿ’ ಅಂದಮೇಲೆ ನಿಮ್ಮಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರಂತೆ. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು ಕೇಳಿದರಂತೆ: ‘ಅವನು ಕುದುರೆಗೆ ನೀರು ಮೊದಲು ಕೊಡ್ತಾನಾ, ಮೇವು ಮೊದಲು ಕೊಡ್ತಾನಾ? ಕೇಳು.’

ನಮ್ಮ ದಳದಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಕೇಳುವ ಪ್ರಶ್ನೆ ಇದು. ಉತ್ತರ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಅಮ್ಮನ ಕೈಲಿ ಹೇಳಿ ಕಳಿಸಬೇಡ. ಅವರು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಬಾಗಿಲಲ್ಲಿ ಇರು, ನೀನೇ ಹೇಳು.